ಕಡಾಣಿಯಿಂದ ವೀಲ್ ನಟ್ಟಿನವರೆಗೆ

ಎತ್ತಿನ ಗಾಡಿಯ ಭಾಗಗಳ ಹೆಸರು ಹೇಳಿ ಅಂದರೆ ನನ್ನ ವಯಸ್ಸಿನವರು ಗಾಲಿ, ನೊಗ, ಮೂಕಿ ಅಂತ ಮೂರು ಹೇಳಿ ನಿಲ್ಲಿಸುತ್ತೇವೆ. ಇನ್ನೊಂದು ಪುಟ್ಟ ಭಾಗ ಇದೆ ನೋಡಿ. ಇರುಸಿನ ತುದಿಯಲ್ಲಿ ಒಂದು ತೂತು, ಆ ತೂತಿನಲ್ಲಿ ಒಂದು ಕಬ್ಬಿಣದ ಮೊಳೆ. ಅಷ್ಟೇ! ಅದರ ಹೆಸರು ಕಡಾಣಿ. ಕೆಲವು ಕಡೆ ಕಡೆಗೀಲು ಅಂತಲೂ ಹೇಳುತ್ತಾರೆ. ಕಡೆ ಅಂದರೆ ತುದಿ, ಆಣಿ ಅಂದರೆ ಮೊಳೆ. ಹೆಸರಿನಲ್ಲೇ ಕೆಲಸವೂ ಇದೆ. ಅದು ಇರುವ ತನಕ ಗಾಲಿ ಗಾಡಿಯಲ್ಲಿರುತ್ತದೆ, ಅದು ಬಿದ್ದರೆ ಗಾಲಿ ತನ್ನ ದಾರಿ ಹಿಡಿಯುತ್ತದೆ.

ಇವತ್ತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಕಡಾಣಿಯ ಕೆಲಸ ಮಾಡುತ್ತಿರುವುದು ಆಟೋ ಚಕ್ರದ ನಟ್ಟುಗಳು. ಶೇರ್ ಆಟೋ, ತರಕಾರಿ ಸಾಗಿಸುವ ಗೂಡ್ಸ್ ಆಟೋ, ಪಕ್ಕದಲ್ಲಿ ಗಾಲಿ ಜೋಡಿಸಿದ ಸ್ಕೂಟರ್, ಎಲ್ಲದರಲ್ಲೂ ಅವೇ. ಕಡಾಣಿ ಹೋಗಿ ನಟ್ಟು ಬಂದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಗಾಲಿಯನ್ನು ಹಿಡಿಯುವ ವಸ್ತು ಬದಲಾಯಿತು, ಅದನ್ನು ನೋಡಿಕೊಳ್ಳುವ ನಮ್ಮ ಅಭ್ಯಾಸ ಮಾತ್ರ ಅದರ ಜೊತೆ ಬದಲಾಗಲಿಲ್ಲ ಅನ್ನೋದು ನನ್ನ ಅನಿಸಿಕೆ.

ಮೊದಲು ಕಡಾಣಿಯ ಘನತೆ ಎಷ್ಟಿತ್ತು ಅಂತ ನೋಡೋಣ. ಕೈಕೇಯಿಗೆ ದಶರಥ ಎರಡು ವರ ಕೊಟ್ಟಿದ್ದು ಯಾಕೆ? ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯಲ್ಲಿ, ಯುದ್ಧದ ಮಧ್ಯೆ ರಥದ ಕಡಾಣಿ ಬಿದ್ದುಹೋಗುತ್ತದೆ, ಕೈಕೇಯಿ ಆ ಜಾಗಕ್ಕೆ ತನ್ನ ಬೆರಳನ್ನೇ ಕೊಟ್ಟು ಗಾಲಿಯನ್ನು ಉಳಿಸುತ್ತಾಳೆ. ವಾಲ್ಮೀಕಿ ರಾಮಾಯಣದಲ್ಲಿ ಬೆರಳಿನ ಸುದ್ದಿ ಇಲ್ಲ. ಅಲ್ಲಿ ಅವಳು ಗಾಯಗೊಂಡ ದಶರಥನನ್ನು ರಣರಂಗದಿಂದ ಆಚೆ ಸಾಗಿಸುತ್ತಾಳೆ, ಅಷ್ಟೆ. ಆದರೆ ಗಾಡಿ ಓಡಿಸುವ ಜನಕ್ಕೆ ಕಡಾಣಿಯ ಕಥೆಯೇ ಹಿಡಿಸಿತು. ರಾಜ್ಯವನ್ನೇ ತಲೆಕೆಳಗು ಮಾಡಿದ ಎರಡು ವರಗಳ ಬೆಲೆ ಒಂದು ಮೊಳೆಯಷ್ಟು! ನೇಕಾರನಾಗಿದ್ದ ವಚನಕಾರ ಜೇಡರ ದಾಸಿಮಯ್ಯನೂ ಒಂದು ವಚನದಲ್ಲಿ ಒಡಲನ್ನು ಬಂಡಿಗೆ, ಶರಣರ ಮಾತನ್ನು ಕಡೆಗೀಲಿಗೆ ಹೋಲಿಸಿದ್ದಾನೆ. ಮಗ್ಗದ ಸದ್ದಿನ ಊರಾದ ದೊಡ್ಡಬಳ್ಳಾಪುರದವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಈಗ ಕಡಾಣಿಯ ತಂತ್ರಕ್ಕೆ ಬರೋಣ. ಕಡಾಣಿ ಗಾಲಿಯನ್ನು ಬಿಗಿ ಹಿಡಿಯುವುದಿಲ್ಲ. ಗಾಲಿ ಇರುಸಿನ ಮೇಲೆ ಸಡಿಲವಾಗಿಯೇ ತಿರುಗುತ್ತದೆ, ಆಚೆ ಈಚೆ ಸ್ವಲ್ಪ ಸರಿದಾಡುತ್ತದೆ, ಗಡಗಡ ಸದ್ದು ಮಾಡುತ್ತದೆ. ಕಡಾಣಿ ಹೇಳುವುದು ಇಷ್ಟೇ: ಎಲ್ಲಿ ಬೇಕಾದರೂ ಆಡು, ಇಲ್ಲಿಂದ ಆಚೆ ಹೋಗಬೇಡ. ಹಾಗಾಗಿ ಅದು ಇದೆಯೋ ಇಲ್ಲವೋ ಅಂತ ತಿಳಿಯಲು ಪಾನಾ ಬೇಡ, ಮೀಟರ್ ಬೇಡ. ನಡೆಯುತ್ತಾ ಹೋಗುವಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಒಂದು ಅಥವಾ ಸೊನ್ನೆ :-)

ಇದರ ಜೊತೆಗಿದ್ದದ್ದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ನೇತುಹಾಕಿರುತ್ತಿದ್ದರು. ಕೀಲೆಣ್ಣೆ ಹಾಕಬೇಕಾದರೆ ಕಡಾಣಿ ತೆಗೆಯಲೇಬೇಕು, ಹಾಕಿದ ಮೇಲೆ ಮತ್ತೆ ಸಿಕ್ಕಿಸಲೇಬೇಕು. ಅಂದರೆ ಎಣ್ಣೆಯ ನೆಪದಲ್ಲಿ ಕಡಾಣಿಯ ತಪಾಸಣೆಯೂ ತಾನಾಗಿಯೇ ನಡೆಯುತ್ತಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುವವರಿಗೆ ಇದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. (ಈಗ ಆ ಜಾತ್ರೆಗೆ ಎತ್ತುಗಳೇ ಟೆಂಪೋದಲ್ಲಿ ಬರುತ್ತವೆ, ಆ ಮಾತು ಬೇರೆ.)

ಹಾಗಂತ ನಮ್ಮ ಹಳ್ಳಿಯ ಕಮ್ಮಾರರಿಗೆ 'ಬಿಗಿ'ಯ ವಿದ್ಯೆ ಗೊತ್ತಿರಲಿಲ್ಲ ಅಂತಲ್ಲ. ಮರದ ಗಾಲಿಗೆ ಹಳಿ ಏರಿಸುವುದನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಬಳೆಯನ್ನು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡಿ, ಸುತ್ತ ಬೆರಣಿ ಜೋಡಿಸಿ ಕೆಂಪಗೆ ಕಾಯಿಸುತ್ತಾರೆ. ಕಾದ ಬಳೆ ಹಿಗ್ಗುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ಕುಗ್ಗಿದ ಹಳಿ ಮರದ ತುಂಡುಗಳನ್ನೆಲ್ಲ ಹಿಂಡಿ ಒಂದು ಮಾಡುತ್ತದೆ. ಆ ಹಳಿ ಜೀವನಪೂರ್ತಿ ಎಳೆದ ಸ್ಥಿತಿಯಲ್ಲೇ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಟ್ಟಿನ ವಿಷಯಕ್ಕೆ ಬೇಕಾಗುತ್ತದೆ.

ಕಡಾಣಿಯ ಜಾಗಕ್ಕೆ ನಟ್ಟು ಬಂದದ್ದು ಕುದುರೆ ಗಾಡಿಗಳ ಕಾಲದಲ್ಲಿ. ಗಾಲಿ ತಿರುಗುವ ದಿಕ್ಕಿನಲ್ಲೇ ನಟ್ಟು ಬಿಚ್ಚಿಕೊಂಡರೆ? ಈ ಭಯ ಅವತ್ತೇ ಇತ್ತು. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಕಾಲಿಂಜ್ ಎಂಬಾತ ಮಾಡಿದ ಇರುಸಿನಲ್ಲಿ ಎರಡು ನಟ್ಟು, ಒಂದಕ್ಕೆ ಬಲಮರೆ, ಇನ್ನೊಂದಕ್ಕೆ ಎಡಮರೆ. ಒಂದು ಬಿಚ್ಚಲು ಹೋದರೆ ಇನ್ನೊಂದು ತಡೆಯುತ್ತದೆ. ಅಷ್ಟಾದರೂ ನಂಬಿಕೆ ಸಾಲದೆ ತುದಿಯಲ್ಲಿ ಒಂದು ಪಿನ್ನೂ ಇತ್ತು! ನಟ್ಟು ಬಂದ ಮೇಲೂ ಕಡಾಣಿಯನ್ನು ಬಿಡುವ ಧೈರ್ಯ ಯಾರಿಗೂ ಬರಲಿಲ್ಲ. ಸೈಕಲ್ಲಿನ ಎಡ ಪೆಡಲ್ಲಿಗೆ ಇವತ್ತಿಗೂ ಎಡಮರೆ ಇರುವುದು ಇದೇ ಜಾತಿಯ ಭಯದಿಂದ. ಅಮೆರಿಕದ ಕ್ರೈಸ್ಲರ್ ಕಂಪನಿ ಸುಮಾರು 1970ರವರೆಗೂ ಕಾರುಗಳ ಎಡಗಡೆ ಚಕ್ರಕ್ಕೆ ಎಡಮರೆಯ ನಟ್ಟು ಹಾಕುತ್ತಿತ್ತು.

ಆದರೆ ಇವತ್ತು ನಾವು ನೋಡುವ, ವೃತ್ತಾಕಾರದಲ್ಲಿ ನಾಲ್ಕೈದು ನಟ್ಟುಗಳಿರುವ ಚಕ್ರ ಬಂದದ್ದು ಬೇರೆ ಕಾರಣಕ್ಕೆ. ಪಂಕ್ಚರ್! ಮೊದಲ ಕಾಲದ ಕಾರುಗಳಲ್ಲಿ ಪಂಕ್ಚರ್ ಆದರೆ ರಸ್ತೆಯಲ್ಲೇ ಕೂತು, ಗಾಲಿ ಬಿಚ್ಚದೆಯೇ ಟೈರ್ ಕಿತ್ತು ತೇಪೆ ಹಾಕಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಥ್ಲಿ ಎಂಬ ಊರಿನಲ್ಲಿ ಡೇವಿಸ್ ಸಹೋದರರು ಒಂದು ಹೆಚ್ಚುವರಿ ಟೈರಿರುವ ರಿಮ್ ಮಾಡಿದರು. ಪಂಕ್ಚರ್ ಆದ ಗಾಲಿಗೆ ಅದನ್ನು ಕ್ಲ್ಯಾಂಪ್ ಹಾಕಿ ಕಟ್ಟಿಕೊಂಡು ಮನೆ ಸೇರಬಹುದಿತ್ತು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಹೌದು, ನಾವು ದಿನಾ ಹೇಳುವ 'ಸ್ಟೆಪ್ನಿ' ಅದೇ. ಆ ರಸ್ತೆಯ ಹೆಸರು ಅಲ್ಲಿಯವರಿಗೆ ಮರೆತು ಹೋಗಿರಬಹುದು, ನಮ್ಮ ಆಟೋ ಡ್ರೈವರುಗಳಿಗೆ ಮರೆತಿಲ್ಲ. ಮುಂದೆ ಇಡೀ ಚಕ್ರವನ್ನೇ ಬೇಗ ಬಿಚ್ಚಿ ಬೇಗ ಹಾಕುವ ವ್ಯವಸ್ಥೆ ಬಂತು. ಬೇಗ ಬಿಚ್ಚಬೇಕು ಅಂದ ಮೇಲೆ ಪ್ರತಿ ನಟ್ಟಿಗೂ ಪಿನ್ ಹಾಕುತ್ತಾ ಕೂರುವ ಹಾಗಿಲ್ಲ. ಕಡಾಣಿ ಬಿಟ್ಟುಹೋದದ್ದು ಇಲ್ಲಿ.

ಇನ್ನು ಮೂರು ಚಕ್ರದ ಕಥೆ. ಮೋಟಾರ್ ಸೈಕಲ್ಲಿಗೆ ಹಿಂದೆ ಎರಡು ಗಾಲಿ ಹಾಕುವ ಐಡಿಯಾ ಹಳೆಯದು. ಅಮೆರಿಕದ ಹಾರ್ಲೆ ಡೇವಿಡ್ಸನ್ ಕಂಪನಿ 1932ರಿಂದ 1973ರವರೆಗೆ ಸರ್ವಿ-ಕಾರ್ ಎಂಬ ಮೂರು ಚಕ್ರದ ಗಾಡಿ ಮಾಡಿತು. ಎರಡನೇ ಮಹಾಯುದ್ಧದ ನಂತರ ಸೈನ್ಯ ಬಿಟ್ಟುಹೋದ ಮೋಟಾರ್ ಸೈಕಲ್ಲುಗಳನ್ನು ಹೀಗೇ ಮಾರ್ಪಡಿಸಿ ದೆಹಲಿಯಲ್ಲಿ 'ಫಟ್‌ಫಟಿ' ಓಡಿಸಿದರು, 1990ರ ದಶಕದ ಕೊನೆಯವರೆಗೂ ಅವು ಇದ್ದವು. ಗುಜರಾತಿನ ಸೌರಾಷ್ಟ್ರದಲ್ಲಿ ಬುಲೆಟ್ ಮೂತಿಯ 'ಛಕಡೊ' ಹುಟ್ಟಿತು. ನಮ್ಮ ಆಟೋಗಳ ವಂಶ ಮಾತ್ರ ಇಟಲಿಯದು. 1946ರಲ್ಲಿ ಪಿಯಾಜಿಯೋ ಕಂಪನಿಗೆ ವೆಸ್ಪಾ ಸ್ಕೂಟರ್ ವಿನ್ಯಾಸ ಮಾಡಿದ ಕೊರಾದಿನೊ ದಸ್ಕಾನಿಯೊ, 1948ರಲ್ಲಿ ಅದಕ್ಕೇ ಹಿಂದೆ ಎರಡು ಚಕ್ರ ಕೊಟ್ಟು 'ಆಪೆ' ಮಾಡಿದ. ವೆಸ್ಪಾ ಅಂದರೆ ಕಣಜ, ಆಪೆ ಅಂದರೆ ಜೇನುಹುಳ. 1959ರಲ್ಲಿ ಈಗಿನ ಬಜಾಜ್ ಆಟೋ ಕಂಪನಿಗೆ ಎರಡು ಮತ್ತು ಮೂರು ಚಕ್ರದ ವಾಹನ ತಯಾರಿಸಲು ಭಾರತ ಸರ್ಕಾರದ ಪರವಾನಗಿ ಸಿಕ್ಕಿತು. 1977ರಲ್ಲಿ ಎಂಜಿನ್ ಹಿಂದಕ್ಕೆ ಹೋದ ಆಟೋ ಬಂತು. ನಾವು ಚಿಕ್ಕಂದಿನಿಂದ ನೋಡಿದ ಆಟೋ ಇದೇ.

ಈ ವಂಶದ ಹಿಂದಿನ ಚಕ್ರವೊಂದನ್ನು ಬಿಚ್ಚಿ ನೋಡಿದರೆ ಇತಿಹಾಸ ಒಂದೇ ಕಡೆ ಸಿಗುತ್ತದೆ. ಹಳೇ ಬಜಾಜ್ ಚೇತಕ್ ಸ್ಕೂಟರನ್ನೇ ತೆಗೆದುಕೊಳ್ಳಿ. ಡ್ರಮ್ಮನ್ನು ಇರುಸಿಗೆ ಹಿಡಿದಿರುವುದು ಮಧ್ಯದ ಒಂದು ದೊಡ್ಡ ನಟ್ಟು. ಅದರ ಮೇಲೆ ಒಂದು ಟೋಪಿ, ಟೋಪಿಯಿಂದ ತೂರಿ ಬರುವ ಒಂದು ಸ್ಪ್ಲಿಟ್ ಪಿನ್ನು. ಇದು ಸಾಕ್ಷಾತ್ ಕಡಾಣಿಯ ಮೊಮ್ಮಗ! ಆ ಡ್ರಮ್ಮಿಗೆ ಚಕ್ರವನ್ನು ಹಿಡಿದಿರುವುದು ಸುತ್ತಲಿನ ಐದು ನಟ್ಟು. ಇವಕ್ಕೆ ಪಿನ್ ಇಲ್ಲ. ಇವುಗಳನ್ನು ಕಾಯುವುದು ಬರೀ ಬಿಗಿ. ಅಂದರೆ ಒಂದೇ ಗಾಲಿಯಲ್ಲಿ ಎರಡು ಕಾಲ ಇದೆ. ಮಧ್ಯದ್ದು ಕಣ್ಣಿಗೆ ಕಾಣುವ ಭದ್ರತೆ, ಸುತ್ತಲಿನದು ಕಣ್ಣಿಗೆ ಕಾಣದ ಭದ್ರತೆ.

ಈ ಬಿಗಿ ಅಂದರೆ ಏನು? ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕಂಪ್ಯೂಟರ್ ಮುಂದೆ ಕೂತಿರುವ ಸಾವಿರಾರು ಜನರಲ್ಲಿ ನಾನೂ ಒಬ್ಬ, ಹಾಗಾಗಿ ಓದಿದ್ದನ್ನು ಇಲ್ಲಾದರೂ ಉಪಯೋಗಿಸುತ್ತೇನೆ. ನಟ್ಟನ್ನು ತಿರುವಿದಾಗ ಬೋಲ್ಟು ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆದು ರಿಮ್ಮನ್ನು ಡ್ರಮ್ಮಿಗೆ ಒತ್ತುತ್ತದೆ. ಹಳಿ ಮರವನ್ನು ಹಿಂಡುತ್ತದಲ್ಲ, ಅದೇ ವಿದ್ಯೆ! 8 ಮಿಲಿಮೀಟರ್ ಬೋಲ್ಟಿನ ನಟ್ಟನ್ನು 20 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಬಿಗಿದರೆ, ಪಠ್ಯಪುಸ್ತಕದ ಲೆಕ್ಕದಲ್ಲಿ ಸುಮಾರು 12,500 ನ್ಯೂಟನ್ ಒತ್ತಡ ಹುಟ್ಟುತ್ತದೆ. ಹೆಚ್ಚುಕಡಿಮೆ 1,270 ಕಿಲೋ ತೂಕ ಹೇರಿದ ಹಾಗೆ, ಅದೂ ಒಂದೊಂದು ನಟ್ಟಿಗೆ. ರಿಮ್ಮು ಜಾರದಂತೆ ಹಿಡಿಯುವುದು ಈ ಒತ್ತಡದಿಂದ ಬರುವ ಘರ್ಷಣೆ. ಗಾಡಿಯ ಭಾರವನ್ನು ಬೋಲ್ಟು ಮೊಳೆಯಂತೆ ಹೊರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಕಡಾಣಿ ಕಾಲದ ಯೋಚನೆ.

ಬಿಗಿ ಕಡಿಮೆಯಾದರೆ ರಿಮ್ಮು ಡ್ರಮ್ಮಿನ ಮೇಲೆ ಸೂಕ್ಷ್ಮವಾಗಿ ಜಾರಲು ಶುರುಮಾಡುತ್ತದೆ. ಹೀಗೆ ಅಡ್ಡಕ್ಕೆ ಜಾರುವ ಅಲುಗಾಟವೇ ನಟ್ಟನ್ನು ಬಿಚ್ಚುವ ನಿಜವಾದ ಕಳ್ಳ ಅಂತ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಯಂತ್ರವೊಂದನ್ನು ಕಟ್ಟಿ ತೋರಿಸಿದ. ಹಾಗಾದರೆ ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಇದೆಯಲ್ಲ ಅನ್ನಬಹುದು. ನಾಸಾ 1990ರಲ್ಲಿ ಪ್ರಕಟಿಸಿದ ಬೋಲ್ಟು ನಟ್ಟುಗಳ ಕೈಪಿಡಿಯ ಪ್ರಕಾರ, ಪೂರ್ತಿ ಬಿಗಿದ ಮೇಲೆ ಆ ವಾಷರ್ ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗುತ್ತದೆ, ನಟ್ಟನ್ನು ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ. (ಹಾಗಂತ ಕಂಪನಿ ಕೊಟ್ಟಿದ್ದನ್ನು ಕಿತ್ತೆಸೆಯಬೇಡಿ. ಅದರ ಮೇಲೆ ಭಾರ ಹಾಕಿ ನಿದ್ದೆ ಮಾಡಬೇಡಿ, ಅಷ್ಟೆ.)

ಇನ್ನೊಂದು ಸಣ್ಣ ಲೆಕ್ಕ. 5 ಅಡಿ ಎತ್ತರದ ಎತ್ತಿನ ಗಾಡಿಯ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 210 ಸುತ್ತು ಸುತ್ತುತ್ತದೆ. ಆಟೋದಲ್ಲಿ ಬಳಸುವ 4.00-8 ಅಳತೆಯ ಟೈರು ಸುಮಾರು 16 ಇಂಚು ಎತ್ತರ, ಅದಕ್ಕೆ ಕಿಲೋಮೀಟರಿಗೆ 780ಕ್ಕೂ ಹೆಚ್ಚು ಸುತ್ತು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆಗೆ 20 ಕಿಲೋಮೀಟರ್ ಹೋದರೆ 15 ಸಾವಿರ ಸುತ್ತು ದಾಟಿತು. ಸುತ್ತಿಗೊಮ್ಮೆ ಪ್ರತಿ ಬೋಲ್ಟಿನ ಮೇಲೂ ಭಾರ ಏರಿ ಇಳಿಯುತ್ತದೆ. ಜೊತೆಗೆ ಮೂರು ಜನ ಕೂರುವಲ್ಲಿ ಏಳೆಂಟು ಜನ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಹೆಂಗಸರು, ಸ್ಕೂಲ್ ಮಕ್ಕಳು. ಕಡಾಣಿ ಬಿದ್ದ ಎತ್ತಿನ ಗಾಡಿ ಪಕ್ಕಕ್ಕೆ ವಾಲಿ ನಿಲ್ಲುತ್ತದೆ. ಮೂರೇ ಚಕ್ರದ ಆಟೋ 40ರ ವೇಗದಲ್ಲಿ ಒಂದು ಹಿಂದಿನ ಚಕ್ರ ಕಳೆದುಕೊಂಡರೆ ಹೇಗೆ ಉರುಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಳಚಿದ ಚಕ್ರ ಹೋಗಿ ಯಾರಿಗೆ ಬಡಿಯುತ್ತದೋ ಅದೂ ಗೊತ್ತಿಲ್ಲ.

ನಮ್ಮ ಹಳೇ ಅಭ್ಯಾಸಗಳು ಕೈಕೊಡುವುದು ಇಲ್ಲೇ. ಕೀಲೆಣ್ಣೆಯ ಸಂಸ್ಕೃತಿಯಿಂದ ಬಂದ ನಮಗೆ ಕಬ್ಬಿಣ ಕಂಡಲ್ಲಿ ಎಣ್ಣೆ ಹಾಕುವುದು ರೂಢಿ. ಆದರೆ ನಟ್ಟನ್ನು ತಿರುವುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 90 ಭಾಗ ಮರೆಯ ಮತ್ತು ನಟ್ಟಿನ ಬುಡದ ಘರ್ಷಣೆಯಲ್ಲೇ ಕಳೆದುಹೋಗುತ್ತದೆ, ಉಳಿದ 10 ಭಾಗ ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಎಣ್ಣೆ ಹಾಕಿದರೆ ಈ ಲೆಕ್ಕವೇ ತಪ್ಪಿ, ಅದೇ ಕೈಬಲಕ್ಕೆ ಬೋಲ್ಟು ಅತಿಯಾಗಿ ಎಳೆದು ದುರ್ಬಲವಾಗಬಹುದು. ಕಂಪನಿ ಹೇಳದ ಹೊರತು ವೀಲ್ ಬೋಲ್ಟಿಗೆ ಎಣ್ಣೆ ಬೇಡ. ಬೇರಿಂಗಿಗೆ ಗ್ರೀಸು ಬೇಕು, ನಟ್ಟಿಗಲ್ಲ. ಹಾಗೆಯೇ ಪಾನಾ ಮೇಲೆ ಹತ್ತಿ ನಿಂತು ಕುಣಿಯುವುದನ್ನು ಪಂಕ್ಚರ್ ಅಂಗಡಿಗಳಲ್ಲಿ ನೋಡಿದ್ದೇನೆ. ಹೆಚ್ಚು ಬಿಗಿ ಅಂದರೆ ಹೆಚ್ಚು ಭದ್ರ ಅಲ್ಲ. ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಲಾರಿಗಳು ತಯಾರಾಗುತ್ತಿವೆ. ಅಂಥ ಕಾರ್ಖಾನೆಗಳಲ್ಲಿ ವೀಲ್ ನಟ್ಟನ್ನು ಅಳತೆ ಮಾಡಿಯೇ ಬಿಗಿಯುತ್ತಾರೆ. ಅದೇ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಅಳತೆ ಅಂದರೆ ಹುಡುಗನ ದೇಹದ ತೂಕ!

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಈ ವೆಸ್ಪಾ ವಂಶದ ಸ್ಕೂಟರು, ಆಟೋಗಳ ರಿಮ್ಮು ಎರಡು ಹೋಳು. ಹೋಳುಗಳನ್ನು ಒಂದಕ್ಕೊಂದು ಜೋಡಿಸುವ ನಟ್ಟುಗಳು ಬೇರೆ, ಚಕ್ರವನ್ನು ಡ್ರಮ್ಮಿಗೆ ಹಿಡಿಯುವ ನಟ್ಟುಗಳು ಬೇರೆ. ಗಾಳಿ ತುಂಬಿರುವಾಗ ಮೊದಲನೆಯವನ್ನು ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೇ ಬರುತ್ತವೆ. ಟೈರ್ ಬಿಚ್ಚುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಬೇಕು. ಇದರಲ್ಲಿ ರಾಜಿ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ಗಾಡಿ. ದೈಹಿಕ ಅಂಗವಿಕಲತೆ ಇರುವವರಿಗೆ ಕರ್ನಾಟಕ ಸರ್ಕಾರ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಯೋಜನೆಯಲ್ಲಿ ಸ್ಕೂಟರಿಗೆ ಹಿಂದೆ ಎರಡೂ ಪಕ್ಕ ಗಾಲಿ ಜೋಡಿಸಿರುತ್ತಾರೆ. ಸ್ವಂತ ಖರ್ಚಿನಲ್ಲಿ ಜೋಡಿಸಿಕೊಂಡವರೂ ಇದ್ದಾರೆ. ಎಷ್ಟೋ ಜನರಿಗೆ ಕೆಲಸ, ಅಂಗಡಿ, ಕಾಲೇಜು, ಎಲ್ಲದಕ್ಕೂ ಅದೇ ಕಾಲು. ಸಾಮಾನ್ಯ ಸ್ಕೂಟರ್ ವಾಲಿದರೆ ಸವಾರ ಕಾಲು ಕೊಡುತ್ತಾನೆ. ಇಲ್ಲಿ ಆ ಅವಕಾಶವೇ ಇಲ್ಲ. ಇನ್ನು ಬಗ್ಗಿ ಕೂತು ನಟ್ಟು ನೋಡುವುದು? ಅದೂ ಅವರಲ್ಲಿ ಹಲವರಿಗೆ ಆಗದ ಕೆಲಸ. ಅವರ ಪಕ್ಕದ ಮನೆಯವರು, ಸಹೋದ್ಯೋಗಿಗಳು ವಾರಕ್ಕೆ ಎರಡು ನಿಮಿಷ ಕೊಡಬೇಕು.

ಆ ಎರಡು ನಿಮಿಷದಲ್ಲಿ ಏನು ನೋಡುವುದು? ಎಲ್ಲ ನಟ್ಟೂ ಇವೆಯಾ? ನಟ್ಟಿನ ಬುಡದಿಂದ ತುಕ್ಕಿನ ಗೆರೆ ಕಿರಣದಂತೆ ಹರಡಿದೆಯಾ? ಹಾಗಿದ್ದರೆ ಅಲ್ಲಿ ಸವೆತ ನಡೆಯುತ್ತಿದೆ, ನಟ್ಟು ಸಡಿಲವಾಗಿರಬಹುದು. ರಿಮ್ಮಿನ ತೂತು ಮೊಟ್ಟೆಯಾಕಾರವಾಗಿದ್ದರೆ ಆ ರಿಮ್ಮು ಗುಜರಿಗೆ. ಒಂದು ಬೋಲ್ಟು ಮುರಿದಿದ್ದರೆ ಉಳಿದವು ಅದರ ಭಾರವನ್ನೂ ಹೊತ್ತು ದಣಿದಿರುತ್ತವೆ, ನಾಳೆ ಮಾಡಿಸೋಣ ಅನ್ನಬಾರದು. ಚಕ್ರ ಹಾಕುವಾಗ ರಿಮ್ಮೂ ಡ್ರಮ್ಮೂ ಸೇರುವ ಜಾಗದಲ್ಲಿ ಮಣ್ಣು, ತುಕ್ಕು, ದಪ್ಪ ಬಣ್ಣ ಇರಬಾರದು. ಓಡುತ್ತಾ ಓಡುತ್ತಾ ಅದು ಪುಡಿಯಾಗಿ ಬಿಗಿ ಇಳಿಯುತ್ತದೆ. ನಟ್ಟಿಗೆ ಓರೆ ಮುಖ ಇದ್ದರೆ ಅದು ರಿಮ್ಮಿನ ಕಡೆಗೆ. ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಬಿಗಿಯಬೇಕು. ಎಷ್ಟು ಬಿಗಿಯಬೇಕು ಅಂತ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಬಹಳ ಮುಖ್ಯವಾದದ್ದು, ಚಕ್ರ ಬಿಚ್ಚಿ ಹಾಕಿದ ಮೇಲೆ 50-100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಮಧ್ಯದ ನಟ್ಟಿನ ಸ್ಪ್ಲಿಟ್ ಪಿನ್ ಹಳೆಯದಾದರೆ ಹೊಸದು ಹಾಕಿ. ಅದರ ಜಾಗದಲ್ಲಿ ತಂತಿಯನ್ನೋ ಬಗ್ಗಿಸಿದ ಮೊಳೆಯನ್ನೋ ತುರುಕಬೇಡಿ. ಎಫ್‌ಸಿ ಮಾಡಿಸಿದ್ದೇನೆ ಅಂತ ಸುಮ್ಮನಿರುವುದೂ ಬೇಡ. ಅದು ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ನಿನ್ನೆ ಹಾಕಿಸಿದ ಪಂಕ್ಚರಿನ ವಿಷಯ ಅದಕ್ಕೆ ಗೊತ್ತಿಲ್ಲ.

ಹೊರದೇಶದ ಲಾರಿ, ಬಸ್ಸುಗಳ ನಟ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ ಬಾಣಗಳನ್ನು ನೋಡಿರಬಹುದು. ಬಿಗಿದ ಮೇಲೆ ಪಕ್ಕಪಕ್ಕದ ಬಾಣಗಳು ಒಂದನ್ನೊಂದು ನೋಡುವಂತೆ ಸಿಕ್ಕಿಸುತ್ತಾರೆ. ಯಾವುದಾದರೂ ನಟ್ಟು ತಿರುಗಿದರೆ ಅದರ ಬಾಣ ಮುಖ ತಿರುಗಿಸಿಕೊಂಡಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ನನಗೆ ಇದು ಕಡಾಣಿ ವಾಪಸ್ ಬಂದ ಹಾಗೆ ಕಾಣುತ್ತದೆ. ಬಾಣ ನಟ್ಟನ್ನು ಹಿಡಿದಿಡುವುದಿಲ್ಲ ನಿಜ, ಆದರೆ ಕಾಣದ ಬಿಗಿಯ ಬಗ್ಗೆ ಕಣ್ಣಿಗೆ ಒಂದು ಸುಳಿವು ಕೊಡುತ್ತದೆ.

ನಮ್ಮ ಆಟೋಗಳಿಗೆ ಬಾಣ ಸಿಗದಿದ್ದರೂ ಪರವಾಗಿಲ್ಲ. ಸರಿಯಾಗಿ ಬಿಗಿದ ಮೇಲೆ ನಟ್ಟಿನಿಂದ ರಿಮ್ಮಿನವರೆಗೆ ಒಂದು ಪೇಂಟ್ ಗೆರೆ ಎಳೆಯಿರಿ. ಪೇಂಟ್ ಇಲ್ಲದಿದ್ದರೆ ಮನೆಯಲ್ಲಿರುವ ನೈಲ್ ಪಾಲಿಶ್ ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ, ಪಾನಾ ತೆಗೆಯಿರಿ. ಬೆಳಿಗ್ಗೆ ದೇವರ ಫೋಟೋಗೆ ಹೂ ಇಟ್ಟು ಊದುಬತ್ತಿ ಹಚ್ಚಿ ಆಟೋ ತೆಗೆಯುವವರು ಹೇಗೂ ಗಾಡಿಗೆ ಒಂದು ಸುತ್ತು ಬರುತ್ತಾರೆ, ಆ ಸುತ್ತಿನಲ್ಲೇ ಮೂರು ಚಕ್ರದ ಗೆರೆಗಳನ್ನೂ ನೋಡಬಹುದು.

ಅಂದ ಹಾಗೆ ಕಡಾಣಿಗೆ ನಿಮ್ಮ ಊರಿನ ಕಡೆ ಏನಂತ ಕರೆಯುತ್ತಾರೆ? ಗೊತ್ತಿದ್ದವರು ತಿಳಿಸಿ. ಗೊತ್ತಿಲ್ಲದವರು ಮನೆಯಲ್ಲಿ ಅಜ್ಜ ಇದ್ದರೆ ಒಮ್ಮೆ ಕೇಳಿ ನೋಡಿ, ಗಾಡಿಯ ಬಗ್ಗೆ ಇನ್ನೂ ನಾಲ್ಕು ಹೊಸ ಪದ ಸಿಗಬಹುದು.